ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ? ನನ್ನದು ಆರೇ ಸೆಕೆಂಡು

ಸೊಟ್ಟಕಂಬ:
ನಿನ್ನೆ ರಾತ್ರಿ ಸುಮ್ನೆ ತಮಾಷೆಗೆ ಶುರುವಾಗಿದ್ದು ಇದು. ಮಗಳು (16 ವರ್ಷ) ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡಳು. "ಅಪ್ಪ, ನೀನೂ ನಿಲ್ಲು ನೋಡೋಣ" ಅಂದಳು. ಇದರಲ್ಲೇನು ಮಹಾ ಅಂತ ನಿಂತೆ. ಕಣ್ಣು ಬಿಟ್ಟುಕೊಂಡು ಒಂದು ನಿಮಿಷ ಆರಾಮಾಗಿ ನಿಂತಿದ್ದೆ. ಕಣ್ಣು ಮುಚ್ಚಿದ್ದೇ ತಡ, ಪಾದ ಅದರಷ್ಟಕ್ಕೆ ಅದೇ ಅತ್ತಿತ್ತ ಕುಣಿಯತೊಡಗಿತು. ಆರನೇ ಸೆಕೆಂಡಿಗೆ ಕಪಾಟು ಹಿಡಿದುಕೊಂಡಿದ್ದೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. ಮಗಳು ಅರ್ಧ ನಿಮಿಷ ನಿಂತು ನಗುತ್ತಿದ್ದಳು.

ನನಗೆ 43. ಶಾಲೆಯಲ್ಲಿ ಕಲಿತ ಪ್ರಕಾರ ಸಮತೋಲನ ಇರುವುದು ಕಿವಿಯಲ್ಲಿ. ಕಿವಿಯನ್ನೇನೂ ಮುಚ್ಚಿರಲಿಲ್ಲವಲ್ಲ, ಕಣ್ಣು ಮುಚ್ಚಿದರೆ ಯಾಕೆ ಬೀಳಬೇಕು? ಇನ್ನೊಂದು, ಇದು ವಯಸ್ಸಾಗುತ್ತಿರುವ ಲಕ್ಷಣವಾ?

ಗಾಳಿಪಟ:
ಈಗ ತಾನೇ ಮಾಡಿ ನೋಡಿದೆ. ಮೂರು ಸೆಕೆಂಡು. ಆಫೀಸಲ್ಲಿದ್ದೇನೆ, ಪಕ್ಕದವರು ವಿಚಿತ್ರವಾಗಿ ನೋಡುತ್ತಿದ್ದಾರೆ.

ಮೀನಖಂಡ:
ನಾನು ಫಿಸಿಯೋಥೆರಪಿಸ್ಟ್, ದಿನಾ ಇದೇ ಕೆಲಸ. ಮೊದಲನೆಯದಾಗಿ ಗಾಬರಿ ಬೇಡ. ಕಣ್ಣು ಮುಚ್ಚಿದಾಗ 40ರ ಆಸುಪಾಸಿನವರ ಸರಾಸರಿಯೇ ಹತ್ತು ಸೆಕೆಂಡಿನೊಳಗೆ ಇರುತ್ತದೆ. 70 ದಾಟಿದವರು ಎರಡು ಮೂರು ಸೆಕೆಂಡು ನಿಂತರೆ ಅದು ಮಾಮೂಲು. ನಿಮ್ಮ ಆರು ಸೆಕೆಂಡು ಕೆಟ್ಟದ್ದೇನಲ್ಲ.

ಶಾಲೆಯಲ್ಲಿ ಹೇಳಿಕೊಟ್ಟದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಮೈ ಎತ್ತ ವಾಲುತ್ತಿದೆ ಅನ್ನುವ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ಒಂದು ಒಳಕಿವಿ. ಎರಡು ಕಣ್ಣು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ: ಅಂಗಾಲಿನ ಚರ್ಮ, ಸ್ನಾಯು, ಕೀಲು. ಸ್ನಾಯುವಿನ ಒಳಗೆ ಅದು ಎಷ್ಟು ಹಿಗ್ಗಿದೆ ಅಂತ ಅಳೆಯುವ ಸಣ್ಣ ಸಣ್ಣ ತಂತುಗಳಿವೆ. ಕತ್ತಲಲ್ಲೂ ನಿಮ್ಮ ಕಾಲು ಎಲ್ಲಿದೆ ಅಂತ ನಿಮಗೆ ಗೊತ್ತಿರುವುದು ಅವುಗಳಿಂದಲೇ. ಎರಡು ಕಾಲಲ್ಲಿ ಗಟ್ಟಿ ನೆಲದ ಮೇಲೆ ನಿಂತಾಗ ಮೆದುಳು ಜಾಸ್ತಿ ನಂಬುವುದು ಈ ಮೂರನೆಯದನ್ನೇ. ಒಂದು ಕಾಲು ಎತ್ತಿದಿರಿ ಅಂದರೆ ಅಲ್ಲಿಂದ ಬರುವ ಸುದ್ದಿ ಅರ್ಧವಾಯಿತು. ಕಾಲೂರಿದ ಜಾಗವೂ ಒಂದು ಪಾದದಷ್ಟಕ್ಕೆ ಇಳಿಯಿತು. ಅದರ ಮೇಲೆ ಕಣ್ಣೂ ಮುಚ್ಚಿದಿರಿ. ಇನ್ನೇನಾಗಬೇಕು?

ಸೊಟ್ಟಕಂಬ:
ಸರಿ, ಅಂಗಾಲು ಅರ್ಥವಾಯಿತು. ಆದರೆ ಕಣ್ಣಿಗೂ ನಿಲ್ಲುವುದಕ್ಕೂ ಅಷ್ಟೊಂದು ನಂಟು ಇದೆ ಅಂದರೆ ನಂಬುವುದು ಕಷ್ಟ. ಕುರುಡರು ಬೀಳದೆ ಓಡಾಡುತ್ತಾರಲ್ಲ?

ಬಿಳಿಹಾಳೆ:
ಓಡಾಡುತ್ತಾರೆ, ಉಳಿದೆರಡರ ಮೇಲೆ ಹೆಚ್ಚು ಒರಗಿಕೊಳ್ಳುವುದನ್ನು ಮೆದುಳು ಕಲಿತಿರುತ್ತದೆ. ನಮ್ಮ ನಿಮ್ಮ ಮೆದುಳಿಗೆ ಕಣ್ಣಿನ ಚಟ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಒಂದು ಪ್ರಯೋಗ ಮಾಡಿದರು. ನೆಲ ಅಲುಗದೆ ಗೋಡೆಗಳು ಮಾತ್ರ ಹಿಂದೆ ಮುಂದೆ ಸರಿಯುವ ಒಂದು ಕೋಣೆ. ಅದರೊಳಗೆ ಆಗಷ್ಟೇ ನಡೆಯಲು ಕಲಿತ ಮಕ್ಕಳನ್ನು ನಿಲ್ಲಿಸಿ ಗೋಡೆಯನ್ನು ಸರಿಸಿದರು. ಮಕ್ಕಳು ತೂರಾಡಿದರು, ಕೆಲವರು ಕುಂಡೆ ಊರಿ ಕೂತರು! ನೆಲ ಒಂದಿಷ್ಟೂ ಅಲುಗಿರಲಿಲ್ಲ. ಎದುರಿನ ಗೋಡೆ ಹತ್ತಿರ ಬಂತು ಅಂದರೆ ನಾನೇ ಮುಂದಕ್ಕೆ ಬೀಳುತ್ತಿದ್ದೇನೆ ಅಂತ ಅವರ ಮೆದುಳಿನ ಲೆಕ್ಕ.

ನಿಂತ ರೈಲಲ್ಲಿ ಕೂತಿರುವಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಿತು ಅನ್ನಿಸುತ್ತದೆ ಅಲ್ವಾ? ಅದೂ ಇದೇ.

ಅಡ್ಡಮಾತು:
ಈ ಒಂಟಿ ಕಾಲಿನ ವಿಷಯ ಬಂದಾಗಲೆಲ್ಲ ಯಾರೋ ಒಬ್ಬರು ಹೇಳಲೇಬೇಕು, ನಾನೇ ಹೇಳಿಬಿಡುತ್ತೇನೆ. ಹತ್ತು ಸೆಕೆಂಡು ನಿಲ್ಲಲಾಗದವರು ಬೇಗ ಸಾಯುತ್ತಾರೆ ಅಂತ ಸಂಶೋಧನೆ ಬಂದಿದೆ. ಸೊಟ್ಟಕಂಬದವರೇ, ವಿಲ್ ಬರೆದಿಡಿ.

ಮೀನಖಂಡ:
@ಅಡ್ಡಮಾತು ಅರ್ಧ ಓದಿ ಹೆದರಿಸಬೇಡಿ. 2022ರಲ್ಲಿ ಬ್ರೆಜಿಲ್‌ನಿಂದ ಬಂದ ಅಧ್ಯಯನ ಅದು. 51ರಿಂದ 75 ವರ್ಷದ 1702 ಜನರನ್ನು ನಿಲ್ಲಿಸಿ ನೋಡಿದ್ದರು. ಐದರಲ್ಲಿ ಒಬ್ಬರಿಗೆ ಹತ್ತು ಸೆಕೆಂಡು ನಿಲ್ಲಲು ಆಗಲಿಲ್ಲ. ನಂತರದ ವರ್ಷಗಳಲ್ಲಿ ಅಂಥವರಲ್ಲಿ ಸಾವು ಜಾಸ್ತಿ ಕಂಡಿತು, ನಿಜ. ಆದರೆ ಎರಡು ಮಾತು. ಒಂದು, ಅದು ಕಣ್ಣು ತೆರೆದು ಮಾಡಿದ ಪರೀಕ್ಷೆ. ಎರಡು, ಒಂಟಿ ಕಾಲಲ್ಲಿ ನಿಲ್ಲಲಾಗದೆ ಯಾರೂ ಸಾಯಲಿಲ್ಲ. ಆ ಗುಂಪಿನವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಹೃದಯದ ತೊಂದರೆ ಮೊದಲೇ ಹೆಚ್ಚಿತ್ತು. ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲಿನ ನರಗಳೇ ಸುದ್ದಿ ಕಳಿಸುವುದನ್ನು ಬಿಡುತ್ತವೆ. ಒಳಗೆ ಏನೋ ಕೆಟ್ಟಿದೆ ಅನ್ನುವುದು ಮೊದಲು ಕಾಲಲ್ಲಿ ಕಂಡಿತು, ಅಷ್ಟೇ.

ಅಡ್ಡಮಾತು:
ಸರಿ ಸರಿ, ವಿಲ್ ವಾಪಸ್.

ಒಂಟಿಕೊಕ್ಕು:
ಒಂಟಿ ಕಾಲು ಅಂದಮೇಲೆ ಹಕ್ಕಿ ಬರದಿದ್ದರೆ ಹೇಗೆ? ಫ್ಲೆಮಿಂಗೊ ಒಂಟಿ ಕಾಲಲ್ಲೇ ನಿದ್ದೆ ಮಾಡುತ್ತದೆ. 2017ರಲ್ಲಿ ಇಬ್ಬರು ಸಂಶೋಧಕರು ಸತ್ತ ಫ್ಲೆಮಿಂಗೊ ತಂದು ನಿಲ್ಲಿಸಿ ನೋಡಿದರು. ಹೌದು, ಸತ್ತದ್ದೇ. ಒಂಟಿ ಕಾಲಲ್ಲಿ ನಿಲ್ಲಿಸಿದರೆ ಆ ಹೆಣ ಗಟ್ಟಿಯಾಗಿ ನಿಂತಿತು. ಎರಡು ಕಾಲಲ್ಲಿ ನಿಲ್ಲಿಸಿದರೆ ನಿಲ್ಲಲಿಲ್ಲ! ಒಂಟಿ ಕಾಲಲ್ಲಿದ್ದಾಗ ಕೀಲುಗಳು ತಮ್ಮಷ್ಟಕ್ಕೆ ಭಾರ ಹೊರುತ್ತವಂತೆ, ಸ್ನಾಯುವಿಗೆ ಕೆಲಸವೇ ಇಲ್ಲ.

ಗಾಳಿಪಟ:
ಅಂದರೆ ಸತ್ತ ಹಕ್ಕಿಗಿಂತ ನಾನು ಕಡೆ. ಒಳ್ಳೆಯ ಬೆಳಗು.

ಕರಡಿಕಲ್ಲು:
ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನನ್ನ ಕಣ್ಣಿಗೆ ಮನುಷ್ಯ ಒಂದು ಕೆಟ್ಟ ವಿನ್ಯಾಸ. ಭಾರದ ಕೇಂದ್ರ ಸೊಂಟದ ಹತ್ತಿರ, ನೆಲದಿಂದ ಅಷ್ಟು ಎತ್ತರದಲ್ಲಿ. ಕೆಳಗೆ ಊರಿರುವುದು ಎರಡು ಪುಟ್ಟ ಪಾದ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಕೋಲು ನಿಂತಿರಬೇಕಾದರೆ ಕೈ ಅಲುಗುತ್ತಲೇ ಇರಬೇಕು. ಇನ್ನೊಂದು ವಿಷಯ, ನೇರ ನಿಂತಾಗ ಭಾರದ ಗೆರೆ ಹಾಯುವುದು ಪಾದದ ಕೀಲಿನ ಮೇಲಲ್ಲ, ಅದಕ್ಕಿಂತ ಸ್ವಲ್ಪ ಮುಂದೆ. ಅಂದರೆ ನಾವು ಯಾವಾಗಲೂ ಮುಂದಕ್ಕೆ ಬೀಳುತ್ತಲೇ ಇದ್ದೇವೆ. ಮೀನಖಂಡದ ಸ್ನಾಯು ಹಿಂದಿನಿಂದ ಹಗ್ಗ ಎಳೆದ ಹಾಗೆ ಎಳೆದು ನಿಲ್ಲಿಸಿದೆ.

ಮೀನಖಂಡ:
ನನ್ನ ಹೆಸರಿಗೆ ಕೊನೆಗೂ ಮರ್ಯಾದೆ ಸಿಕ್ಕಿತು 🙂 ಒಂದು ಮಾತು ಸೇರಿಸುತ್ತೇನೆ. ಆ ಎಳೆತ ಒಂದೇ ಸಮ ಇರುವುದಿಲ್ಲ. ಸೆಕೆಂಡಿಗೆ ಎರಡು ಮೂರು ಸಲ ಸಣ್ಣ ಸಣ್ಣ ತಳ್ಳು. ಅದಕ್ಕೇ "ಅಲುಗದೆ ನಿಲ್ಲು" ಅಂದರೂ ಯಾರೂ ಅಲುಗದೆ ನಿಲ್ಲುವುದಿಲ್ಲ. ಮೈ ಹಿಂದೆ ಮುಂದೆ ಓಲಾಡುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಸಣ್ಣ ಓಲಾಟವಾದರೆ ಪಾದದ ಕೀಲಲ್ಲೇ ಮುಗಿಯುತ್ತದೆ. ಅದು ಸಾಲದಿದ್ದರೆ ಸೊಂಟ ಬಗ್ಗುತ್ತದೆ. ಅದೂ ಸಾಲದಿದ್ದರೆ ಒಂದು ಹೆಜ್ಜೆ ಇಟ್ಟುಬಿಡುತ್ತೇವೆ. ವಯಸ್ಸಾದವರು ಬೀಳುವುದು ಹೆಚ್ಚಾಗಿ ಈ ಮೂರನೆಯದು ತಡವಾದಾಗ. ಹೆಜ್ಜೆ ಇಡುತ್ತಾರೆ, ಆದರೆ ಹೊತ್ತು ಮೀರಿರುತ್ತದೆ. ಇಲ್ಲವೇ ಹೆಜ್ಜೆ ಚಿಕ್ಕದಾಗಿರುತ್ತದೆ.

ಕರಡಿಕಲ್ಲು:
ಕೈ ಬೀಸುವುದನ್ನು ಬಿಟ್ಟಿರಲ್ಲ? ಆಯತಪ್ಪಿದಾಗ ಮೊದಲು ಹಾರುವುದು ಕೈ. ಹಗ್ಗದ ಮೇಲೆ ನಡೆಯುವವರು ಉದ್ದ ಕೋಲು ಹಿಡಿಯುವುದೂ ಇದಕ್ಕೇ. 1859ರಲ್ಲಿ ಬ್ಲಾಂಡಿನ್ ನಯಾಗರ ಕಮರಿ ದಾಟಿದ್ದು ಅಂಥದ್ದೇ ಕೋಲು ಹಿಡಿದು. ಭಾರ ಅಷ್ಟು ದೂರಕ್ಕೆ ಹಂಚಿಹೋದರೆ ಮೈ ಮಗುಚುವುದು ನಿಧಾನವಾಗುತ್ತದೆ, ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತದೆ.

ಬಿಳಿಹಾಳೆ:
ನೀವು ಕೂತಲ್ಲೇ ಮಾಡಬಹುದಾದ ಒಂದು ಪ್ರಯೋಗ. ಈ ಪರದೆಯನ್ನು ಕಣ್ಣೆದುರು ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲ್ಲಾಡಿಸಿ. ಅಕ್ಷರ ಕಲಸಿಹೋಗುತ್ತವೆ. ಈಗ ಪರದೆ ಹಾಗೇ ಇರಲಿ, ಅಷ್ಟೇ ವೇಗದಲ್ಲಿ ತಲೆ ಅಲ್ಲಾಡಿಸಿ. ಓದಲು ಬರುತ್ತದೆ! ತಲೆ ಅಲುಗಿದ ತಕ್ಷಣ ಒಳಕಿವಿ ಕಣ್ಣಿನ ಸ್ನಾಯುಗಳಿಗೆ "ಇಷ್ಟು ಹಿಂದಕ್ಕೆ ತಿರುಗಿ" ಅಂತ ಹೇಳಿರುತ್ತದೆ. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಸಾಕು ಅದಕ್ಕೆ.

ಗಾಳಿಪಟ:
ಮಾಡಿದೆ. ಪಕ್ಕದವರು ಈಗ ನೀರು ತಂದುಕೊಟ್ಟರು.

ತಿರುಗಣಿ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಕಿವಿಯ ಮಾತು ಬಂದಿದ್ದಕ್ಕೆ ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ.

ಕಳೆದ ವರ್ಷ ಒಂದು ಬೆಳಗಿನ ಜಾವ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದೆ. ಕೋಣೆ ಗಿರ್ರನೆ ಸುತ್ತಿತು. ತಲೆಸುತ್ತು ಅಂದರೆ ಮಾತಿಗೆ ಹೇಳುತ್ತೇವಲ್ಲ, ಹಾಗಲ್ಲ. ನಿಜಕ್ಕೂ ಛಾವಣಿ ಬೀಸುವ ಕಲ್ಲಿನ ಹಾಗೆ ತಿರುಗುತ್ತಿತ್ತು. ಹಾಸಿಗೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಅರ್ಧ ನಿಮಿಷದಲ್ಲಿ ನಿಂತಿತು. ಮತ್ತೆ ಹೊರಳಿದರೆ ಮತ್ತೆ ಶುರು. ಪಾರ್ಶ್ವವಾಯು ಅಂತಲೇ ಅಂದುಕೊಂಡೆ. ಒಂದು ಕಡೆ ತೋರಿಸಿದರೆ ಕುತ್ತಿಗೆಯ ಮೂಳೆ ಸವೆದಿದೆ ಅಂತ ಪಟ್ಟಿ ಕಟ್ಟಿ ಕಳಿಸಿದರು. ಮೂರು ವಾರ ಆ ಪಟ್ಟಿ ಹಾಕಿಕೊಂಡು ಕತ್ತು ತಿರುಗಿಸದೆ ರೋಬೋಟ್ ಥರ ಓಡಾಡಿದೆ. ಕಡಿಮೆಯಾಗಲಿಲ್ಲ.

ಕೊನೆಗೆ ಒಬ್ಬ ಕಿವಿ ಡಾಕ್ಟರ್ ನನ್ನನ್ನು ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಸಟ್ಟನೆ ಹಿಂದಕ್ಕೆ ಮಲಗಿಸಿ ನನ್ನ ಕಣ್ಣು ನೋಡಿದರು. ಕಣ್ಣುಗುಡ್ಡೆ ಪಟಪಟ ಹೊಡೆದುಕೊಳ್ಳುತ್ತಿತ್ತಂತೆ. "ಹರಳು ಜಾರಿದೆ" ಅಂದರು. ಅಲ್ಲೇ ಮೇಜಿನ ಮೇಲೆ ತಲೆಯನ್ನು ಹಂತಹಂತವಾಗಿ ಹೊರಳಿಸಿ ಎಬ್ಬಿಸಿದರು. ಐದೇ ನಿಮಿಷದ ಕೆಲಸ. ಎರಡು ಸಲ ಮಾಡಿದ ಮೇಲೆ ಪೂರ್ತಿ ಹೋಯಿತು. ಮಾತ್ರೆ ಒಂದೂ ಇಲ್ಲ.

ಸೊಟ್ಟಕಂಬ:
ಹರಳಾ? ಕಿವಿಯೊಳಗೆ?

ಬಿಳಿಹಾಳೆ:
ಹೌದು, ಸುಣ್ಣದ ಹರಳು. ಕ್ಯಾಲ್ಸಿಯಂ ಕಾರ್ಬೊನೇಟ್. ಒಳಕಿವಿಯಲ್ಲಿ ಎರಡು ಬಗೆಯ ಸಾಧನ ಇದೆ. ಒಂದು, ಮೂರು ಅರ್ಧವೃತ್ತದ ನಾಳಗಳು. ಒಂದಕ್ಕೊಂದು ಕೋಣೆಯ ಮೂಲೆಯಲ್ಲಿ ಸೇರುವ ಎರಡು ಗೋಡೆ ಮತ್ತು ನೆಲದ ಹಾಗೆ ಕೂತಿವೆ. ಒಳಗೆ ದ್ರವ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಅಡ್ಡ ನಿಂತ ಲೋಳೆಯಂಥ ಪರದೆಯನ್ನು ಬಗ್ಗಿಸುತ್ತದೆ. ಅದರ ಬುಡದಲ್ಲಿರುವ ಕೂದಲಿನಂಥ ಜೀವಕೋಶಗಳು ಸುದ್ದಿ ಕಳಿಸುತ್ತವೆ. ತಿರುಗಾಟಕ್ಕೆ ಇದು.

ಇನ್ನೊಂದು, ಎರಡು ಪುಟ್ಟ ಚೀಲ. ಅವುಗಳಲ್ಲಿ ಜೆಲ್ಲಿಯ ಹಾಸು, ಹಾಸಿನ ಮೇಲೆ ಈ ಹರಳುಗಳು. ತಲೆ ವಾಲಿದರೆ ಹರಳಿನ ಭಾರಕ್ಕೆ ಹಾಸು ಜಾರುತ್ತದೆ. ಕೆಳಗೆ ಯಾವ ಕಡೆ, ಲಿಫ್ಟ್ ಹೊರಟಿತಾ ನಿಂತಿತಾ, ಇದೆಲ್ಲ ಹಾಗೆ ಗೊತ್ತಾಗುವುದು. ಹರಳು ಕಳಚಿಕೊಂಡು ನಾಳದೊಳಗೆ ಹೋಯಿತು ಅಂದರೆ, ತಲೆ ನಿಂತರೂ ಅದು ಉರುಳುತ್ತಾ ದ್ರವವನ್ನು ಎಳೆಯುತ್ತದೆ. ತಿರುಗಣಿಯವರಿಗೆ ಆದದ್ದು ಅದು. ತಲೆ ಹೊರಳಿಸಿ ಹರಳನ್ನು ವಾಪಸ್ ಚೀಲಕ್ಕೆ ಬೀಳಿಸುವ ಉಪಾಯ ಜಾನ್ ಎಪ್ಲೀ ಅನ್ನುವ ವೈದ್ಯರದು, 1980ರ ಹೊತ್ತಿನದು.

ಕರಡಿಕಲ್ಲು:
ಒಂದು ತಿದ್ದುಪಡಿ. ನಾಳಗಳಿಗೆ ತಿರುಗುವುದು ಗೊತ್ತಾಗುವುದಿಲ್ಲ, ತಿರುಗುವ ವೇಗ ಬದಲಾಗುವುದು ಮಾತ್ರ ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ಸುತ್ತುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಜೊತೆಗೇ ಸುತ್ತುತ್ತದೆ, ಪರದೆ ನೆಟ್ಟಗಾಗುತ್ತದೆ. ಕಣ್ಣು ಮುಚ್ಚಿದ್ದರೆ ನಿಂತ ಹಾಗೆಯೇ ಅನ್ನಿಸುತ್ತದೆ. ನಿಜವಾಗಿ ನಿಂತಾಗ ದ್ರವ ಮುಂದೆ ಹೋಗುತ್ತದೆ, ಆಗ ಉಲ್ಟಾ ಸುತ್ತಿದ ಹಾಗೆ. ಚಿಕ್ಕಂದಿನಲ್ಲಿ ಗಿರಗಿರನೆ ಸುತ್ತಿ ಬಿದ್ದದ್ದು ನೆನಪಿಸಿಕೊಳ್ಳಿ.

ಬಿಳಿಹಾಳೆ:
ಒಪ್ಪಿದೆ. ನಾನು ಅವಸರದಲ್ಲಿ ಬರೆದೆ.

ಅಡ್ಡಮಾತು:
ಕುಡಿದು ಮಲಗಿದಾಗ ಹಾಸಿಗೆ ಸುತ್ತುವುದೂ ಹರಳಾ? ಸ್ನೇಹಿತನೊಬ್ಬನ ಪರವಾಗಿ ಕೇಳುತ್ತಿದ್ದೇನೆ.

ಬಿಳಿಹಾಳೆ:
ಸ್ನೇಹಿತನಿಗೆ ಹೇಳಿ: ಹರಳಲ್ಲ, ಆ ಲೋಳೆ ಪರದೆ. ಮದ್ಯಸಾರ ರಕ್ತದಿಂದ ಪರದೆಗೆ ಬೇಗ ಇಳಿಯುತ್ತದೆ, ಸುತ್ತಲಿನ ದ್ರವಕ್ಕೆ ನಿಧಾನವಾಗಿ. ಮದ್ಯಸಾರ ನೀರಿಗಿಂತ ಹಗುರ. ಪರದೆ ಹಗುರವಾಗಿ ತೇಲುತ್ತದೆ, ಮಲಗಿದರೆ ಸಾಕು ಸುತ್ತುತ್ತಿದ್ದೇನೆ ಅಂತ ಸುಳ್ಳು ಸುದ್ದಿ. ನಡೆಯುವಾಗ ತೂರಾಡುವುದು ಬೇರೆ ಲೆಕ್ಕ, ಅದು ಕಿರುಮೆದುಳಿನ ಕೆಲಸ ಹದ ತಪ್ಪಿದ್ದು.

ಪದಬೇಟೆ:
ವಿಷಯಾಂತರಕ್ಕೆ ಕ್ಷಮೆ ಇರಲಿ. ನಮ್ಮಲ್ಲಿ ಎಲ್ಲದಕ್ಕೂ "ತಲೆಸುತ್ತು" ಅಂದುಬಿಡುತ್ತೇವೆ. ಹಳಬರು ಹಾಗಲ್ಲ. ಬವಳಿ ಬಂತು, ಕಣ್ಣು ಕತ್ತಲೆ ಬಂತು, ಜೋಲಿ ಹೊಡೆಯಿತು, ಆಯತಪ್ಪಿತು, ಎಷ್ಟು ಪದ ನೋಡಿ. ಒಂದೊಂದೂ ಬೇರೆ ಬೇರೆ ಅನುಭವ.

ಮೀನಖಂಡ:
ವಿಷಯಾಂತರ ಅಲ್ಲವೇ ಅಲ್ಲ, ನಾವು ಕೇಳುವ ಮೊದಲ ಪ್ರಶ್ನೆಯೇ ಅದು. ಕೋಣೆ ಸುತ್ತುತ್ತಿದ್ದರೆ ಹೆಚ್ಚಾಗಿ ಒಳಕಿವಿ. ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡ ಇಳಿದಿರುತ್ತದೆ, ಕಿವಿಗೂ ಅದಕ್ಕೂ ಸಂಬಂಧ ಇಲ್ಲ. ತಲೆಯಲ್ಲಿ ಏನೂ ಇಲ್ಲ, ಆದರೆ ನಡೆದರೆ ಜೋಲಿ ಹೊಡೆಯುತ್ತದೆ ಅಂದರೆ ಕಾಲಿನ ನರ ಅಥವಾ ಕಿರುಮೆದುಳು ನೋಡಬೇಕು. ರೋಗಿ ಸರಿಯಾದ ಪದ ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಮಾತು, ಇದು ತಮಾಷೆಯಲ್ಲ. ಸುತ್ತುವುದರ ಜೊತೆಗೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕಡೆ ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ವೇದಿಕೆಯಲ್ಲಿ ಪ್ರಶ್ನೆ ಹಾಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ತಿರುಗಣಿ:
ಮತ್ತೆ ಆ ಕುತ್ತಿಗೆ ಪಟ್ಟಿಯ ಸಿಟ್ಟು ಬರುತ್ತಿದೆ. ನಾನು "ಸುತ್ತುತ್ತದೆ, ಹೊರಳಿದಾಗ ಮಾತ್ರ" ಅಂತ ಸರಿಯಾಗೇ ಹೇಳಿದ್ದೆ. ಕೇಳುವವರು ಬೇಕಲ್ಲ.

ನೆಟ್ಟಬೆನ್ನು:
ಎಲ್ಲರೂ ಕಿವಿ ಕಿವಿ ಅನ್ನುತ್ತಿದ್ದೀರಿ. ನಿಜವಾದ ಸಮಸ್ಯೆ ಮೊಬೈಲು. ಕತ್ತು ಬಗ್ಗಿಸಿದರೆ ಬೆನ್ನಿನ ಮೇಲೆ 27 ಕಿಲೋ ಭಾರ ಬೀಳುತ್ತದೆ. ಇಡೀ ಪೀಳಿಗೆಯ ನಿಲುವೇ ಹಾಳಾಗುತ್ತಿದೆ.

ಕರಡಿಕಲ್ಲು:
@ನೆಟ್ಟಬೆನ್ನು ಆ 27 ಕಿಲೋ ಯಾರ ಕುತ್ತಿಗೆಯಲ್ಲೂ ಅಳೆದದ್ದಲ್ಲ. 2014ರಲ್ಲಿ ಒಬ್ಬರು ಕಂಪ್ಯೂಟರ್ ಮಾದರಿಯಲ್ಲಿ 60 ಡಿಗ್ರಿ ಬಗ್ಗಿದ ತಲೆಗೆ ಹಾಕಿದ ಲೆಕ್ಕ. ತಲೆಯ ತೂಕ ಐದು ಕಿಲೋ ಆಸುಪಾಸು. ಬಗ್ಗಿದರೆ ಹಿಂದಿನ ಸ್ನಾಯು ಜಾಸ್ತಿ ಎಳೆಯಬೇಕು, ನಿಜ. ಅದಕ್ಕೆ ಪೀಳಿಗೆಯೇ ಹಾಳು ಅಂದರೆ ಹೇಗೆ? ಪುಸ್ತಕ ಓದುವವರು, ಹೊಲಿಗೆ ಹಾಕುವವರು ಕತ್ತು ಬಗ್ಗಿಸಲಿಲ್ಲವೇ?

ನೆಟ್ಟಬೆನ್ನು:
ಅವರು ದಿನಕ್ಕೆ ಏಳು ಗಂಟೆ ಬಗ್ಗುತ್ತಿರಲಿಲ್ಲ.

ಕರಡಿಕಲ್ಲು:
ಹೊಲಿಗೆ ಹಾಕುವವರನ್ನು ಕೇಳಿ ನೋಡಿ ಒಮ್ಮೆ.

ಮೀನಖಂಡ:
ಇಬ್ಬರೂ ನಿಲ್ಲಿಸಿ. ಬೆನ್ನು ಕೋಲಿನ ಹಾಗೆ ನೆಟ್ಟಗಿರಬೇಕು ಅನ್ನುವುದೇ ತಪ್ಪು. ಹುಟ್ಟಿದ ಮಗುವಿನ ಬೆನ್ನು ಒಂದೇ ಬಾಗು. ಕತ್ತು ನಿಂತಾಗ ಕುತ್ತಿಗೆಯ ಬಾಗು ಬೆಳೆಯುತ್ತದೆ, ಎದ್ದು ನಡೆದಾಗ ಸೊಂಟದ್ದು. ಆ ಬಾಗುಗಳೇ ತಲೆಯನ್ನು ಸೊಂಟದ ನೇರಕ್ಕೆ ತಂದು ಕೂರಿಸುವುದು. ನನ್ನ ಹತ್ತಿರ ಬರುವವರಲ್ಲಿ ಸೊಟ್ಟಗೆ ಕೂತವರಿಗಿಂತ ಒಂದೇ ಥರ ಅಲುಗದೆ ಕೂತವರೇ ಜಾಸ್ತಿ. ಎದೆ ಸೆಟೆದು ಎಂಟು ಗಂಟೆ ಕೂತವರೂ ಇದ್ದಾರೆ.

ಹಳೆಅಂಚೆ:
ಸಮತೋಲನ ಇಲ್ಲದಿರುವುದರ ಒಂದು ಲಾಭ ಹೇಳಲಾ? 1950ರ ದಶಕದ ಕೊನೆಗೆ ಅಮೆರಿಕದ ನೌಕಾಪಡೆ ಮತ್ತು ನಾಸಾ ಸೇರಿ ಗ್ಯಾಲೊಡೆಟ್ ಕಾಲೇಜಿನಿಂದ 11 ಜನ ಕಿವುಡರನ್ನು ಆರಿಸಿದರು. ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಮೆನಿಂಜೈಟಿಸ್ ಬಂದು ಒಳಕಿವಿಯೇ ಹಾಳಾಗಿತ್ತು. ಅವರಲ್ಲಿ ನಾಲ್ಕು ಜನ ಸುತ್ತುತ್ತಲೇ ಇರುವ ಕೋಣೆಯಲ್ಲಿ 12 ದಿನ ಕಳೆದರು. ವಾಂತಿ ಇಲ್ಲ, ತಲೆಸುತ್ತು ಇಲ್ಲ. ಬಿರುಗಾಳಿಯ ಕಡಲಿಗೆ ಹಡಗಿನಲ್ಲಿ ಕರೆದುಕೊಂಡು ಹೋದರೆ ಇವರು ಇಸ್ಪೀಟು ಆಡುತ್ತಾ ಕೂತಿದ್ದರಂತೆ. ಪ್ರಯೋಗ ಮಾಡಲು ಬಂದವರು ಕಕ್ಕಿಕೊಂಡು, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು!

ಪ್ರಯಾಣದಲ್ಲಿ ವಾಂತಿ ಬರುವುದು ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳುವುದರಿಂದ. ಇವರ ಕಿವಿ ಏನೂ ಹೇಳುತ್ತಲೇ ಇರಲಿಲ್ಲ, ಜಗಳ ಎಲ್ಲಿಂದ ಬರಬೇಕು?

ಅಡ್ಡಮಾತು:
ಮನೆಯಲ್ಲೂ ಇದೇ ಸೂತ್ರ ನಡೆಯುತ್ತದೆ.

ಹಳೆಅಂಚೆ:
ಕಿವಿಯ ಇನ್ನೊಂದು ಕಥೆ ಹೇಳಿ ಮುಗಿಸುತ್ತೇನೆ. ರಾಬರ್ಟ್ ಬಾರಾನಿ ವಿಯೆನ್ನಾದಲ್ಲಿ ಕಿವಿ ವೈದ್ಯರು. ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆದಾಗ ತಲೆ ಸುತ್ತುತ್ತದೆ ಅಂತ ದೂರುತ್ತಿದ್ದರು. ನೀರು ತಣ್ಣಗಿದ್ದರೆ ಕಣ್ಣುಗುಡ್ಡೆ ಒಂದು ಕಡೆಗೆ ಹೊಡೆದುಕೊಳ್ಳುತ್ತದೆ, ಬಿಸಿಯಾಗಿದ್ದರೆ ಇನ್ನೊಂದು ಕಡೆಗೆ. ಇದರಿಂದಲೇ ಒಳಕಿವಿಯನ್ನು ಪರೀಕ್ಷೆ ಮಾಡುವ ವಿಧಾನ ಹುಟ್ಟಿತು. 1914ರ ನೊಬೆಲ್ ಸಿಕ್ಕಿದ ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ಮಂದಬೆಳಕು:
ನನ್ನದು ಬೇರೆ ಪ್ರಶ್ನೆ. ಅಮ್ಮನಿಗೆ 76. ಜೊತೆಯಲ್ಲಿ ನಡೆಯುವಾಗ ಏನಾದರೂ ಕೇಳಿದರೆ ನಿಂತುಬಿಡುತ್ತಾರೆ. ಉತ್ತರ ಹೇಳಿ ಮತ್ತೆ ನಡೆಯುತ್ತಾರೆ. ಗಮನ ಕೊಟ್ಟು ಮಾತಾಡುವುದು ಅವರ ಅಭ್ಯಾಸ ಅಂದುಕೊಂಡಿದ್ದೆ. ಇದನ್ನೆಲ್ಲ ಓದಿ ಈಗ ಅನುಮಾನ ಬರುತ್ತಿದೆ.

ಮೀನಖಂಡ:
@ಮಂದಬೆಳಕು ನಿಮ್ಮ ಅನುಮಾನ ಸರಿ. 1997ರಲ್ಲಿ ಸ್ವೀಡನ್ನಿನವರು ಇದನ್ನೇ ಗಮನಿಸಿ ಬರೆದಿದ್ದರು. ಮಾತು ಶುರುವಾದರೆ ನಡಿಗೆ ನಿಲ್ಲಿಸುವ ಹಿರಿಯರು ಮುಂದೆ ಬೀಳುವುದು ಹೆಚ್ಚು ಅಂತ. ನಮಗೆ ನಡಿಗೆ ತಾನಾಗಿ ನಡೆಯುತ್ತದೆ. ಅವರಿಗೆ ಒಂದೊಂದು ಹೆಜ್ಜೆಗೂ ಗಮನ ಬೇಕು, ಮಾತಿಗೆ ಉಳಿಯುವುದಿಲ್ಲ. ಹೆದರಬೇಡಿ, ಹಾಗೇ ಬಿಡಲೂ ಬೇಡಿ. ನಡೆಯುವಾಗ ಮಾತಾಡಿಸಬೇಡಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇರಲಿ, ಕತ್ತಲಲ್ಲಿ ಅವರ ಮೂರರಲ್ಲಿ ಒಂದು ಸುದ್ದಿ ಹೋಗಿರುತ್ತದೆ. ಕಾಲಡಿ ಜಾರುವ ಚಾಪೆ ತೆಗೆಯಿರಿ. ನಿದ್ದೆಗೆ, ರಕ್ತದೊತ್ತಡಕ್ಕೆ ಮಾತ್ರೆ ಇದ್ದರೆ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಎರಡು ಶಕ್ತಿಯ ಕನ್ನಡಕ ಹಾಕಿದ್ದರೆ ಮೆಟ್ಟಿಲು ಇಳಿಯುವಾಗ ಜೋಪಾನ, ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಂಜಾಗಿ ಕಾಣುತ್ತದೆ.

ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿ. ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ನಾಲ್ಕನೇ ಒಂದರಷ್ಟು ಕಡಿಮೆಯಾದದ್ದು ಕಂಡಿದೆ. ಮಾಡುವಾಗ ಕೈಗೆ ಮೇಜು ಸಿಗುವ ಹಾಗಿರಲಿ.

ಮಂದಬೆಳಕು:
ದೀಪ ಇವತ್ತೇ ಹಾಕುತ್ತೇನೆ. ನಾನೇ ಕಳೆದ ವಾರ "ಬೇಗ ಬಾ ಅಮ್ಮ, ನಿಂತ್ಕೋಬೇಡ" ಅಂತ ಗದರಿದ್ದೆ.

ಬಿಳಿಹಾಳೆ:
ಮೇಜಿನ ಮಾತಿಗೆ ಒಂದು. ಗಟ್ಟಿಯಾಗಿ ಹಿಡಿಯಲೇಬೇಕಿಲ್ಲ, ಬೆರಳ ತುದಿ ತಾಗಿದರೂ ಸಾಕು. ಭಾರ ಹಾಕದೆ ಸುಮ್ನೆ ಮುಟ್ಟಿದರೂ ಓಲಾಟ ಕಡಿಮೆಯಾಗುತ್ತದೆ. ಬೆರಳು ಆನಿಸಿದ್ದಲ್ಲ, ಸುದ್ದಿ ಕೊಟ್ಟದ್ದು. ಸೊಟ್ಟಕಂಬದವರೇ, ಮಾಡಿ ನೋಡಿ.

ಮೀನಖಂಡ:
ಭಾರ ಹಾಕದೆ ಮುಟ್ಟುವುದು ನಿಮಗೆ, ಸೊಟ್ಟಕಂಬದವರಿಗೆ. 76ರ ಅಮ್ಮನಿಗೆ ಗಟ್ಟಿ ಮೇಜೇ ಇರಲಿ.

ಸೊಟ್ಟಕಂಬ:
ಮಾಡಿದೆ! ಒಂದೇ ಒಂದು ಬೆರಳು ಗೋಡೆಗೆ ತಾಗಿಸಿ, ಕಣ್ಣು ಮುಚ್ಚಿ, 40 ಸೆಕೆಂಡು. ನಿಂತಿದ್ದು ನಾನೇನಾ ಅನ್ನಿಸಿತು. ಬೆರಳು ತೆಗೆದೆ, ಏಳು ಸೆಕೆಂಡಿಗೆ ಮತ್ತೆ ಕಪಾಟು.

ಒಂಟಿಕೊಕ್ಕು:
ಕಪಾಟನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೀರಿ ತಾನೇ?

ಸೊಟ್ಟಕಂಬ:
ಹತ್ತು ದಿನದ ನಂತರದ ವರದಿ. ದಿನಾ ಹಲ್ಲುಜ್ಜುವಾಗ ಒಂದೊಂದು ಕಾಲಲ್ಲಿ ನಿಲ್ಲುತ್ತಿದ್ದೇನೆ. ಇವತ್ತು ಕಣ್ಣು ಮುಚ್ಚಿ 14 ಸೆಕೆಂಡು! ಮಗಳೇ ಗಡಿಯಾರ ಹಿಡಿದಿದ್ದಳು.

ಅಡ್ಡಮಾತು:
ಕಣ್ಣು ಪೂರ್ತಿ ಮುಚ್ಚಿತ್ತಾ?

ಸೊಟ್ಟಕಂಬ:
ಹೆಚ್ಚುಕಡಿಮೆ.